ಯೂರೋಪಿನ ಫುಟ್‌ಪಾತಲ್ಲಿ ಹಿತ್ತಾಳೆ ತಗಡಿನ ಮೇಲೆ ಹೆಸರು ಯಾಕಿರುತ್ತೆ?

ಜರ್ಮನಿಗೆ ಓದೋಕೋ ಕೆಲಸಕ್ಕೋ ಹೋದ ನಮ್ಮವರು ಕಳಿಸೋ ಫೋಟೋಗಳಲ್ಲಿ ಆಗಾಗ ಇಂಥದ್ದೊಂದು ಇರುತ್ತೆ. ಫುಟ್‌ಪಾತಿಗೆ ಹಾಸಿರೋ ಕಲ್ಲುಗಳ ಮಧ್ಯೆ ಅಂಗೈಯಷ್ಟಗಲದ ಹಿತ್ತಾಳೆ ತಗಡು, ಅದರ ಮೇಲೆ ಒಂದು ಹೆಸರು, ಒಂದೆರಡು ಇಸವಿ, ಕೆಳಗೆ ಆಶ್ವಿಟ್ಜ್ ಅಂತಲೋ ರಿಗಾ ಅಂತಲೋ ಒಂದು ಊರು. ಕೆಲವು ಕಡೆ ಒಂದೇ ಇರುತ್ತೆ, ಕೆಲವು ಕಡೆ ನಾಲ್ಕೈದು ಒತ್ತೊತ್ತಾಗಿ, ಎಲ್ಲದರ ಮೇಲೂ ಒಂದೇ ಸರ್‌ನೇಮ್. ನೋಡಿದೋರು ಮೊದಲು ಕೇಳೋದು ಇದು ಸಮಾಧಿನಾ ಅಂತ, ಅಲ್ಲ, ಇದರ ಕೆಳಗೆ ಯಾರನ್ನೂ ಹೂತಿಲ್ಲ. ಅಲ್ಲಿರೋ ಹೆಸರಿನವರಲ್ಲಿ ಬಹಳಷ್ಟು ಜನಕ್ಕೆ ಸಮಾಧಿ ಅನ್ನೋದು ಎಲ್ಲೂ ಇಲ್ಲ. ಇದು ಅವರ ಮನೆ ವಿಳಾಸ, ನಾಜಿಗಳು ಹಿಡ್ಕೊಂಡು ಹೋಗೋಕೆ ಮುಂಚೆ ಅವರು ಇಲ್ಲೇ, ಈ ಬಾಗಿಲ ಹಿಂದೆ ಇದ್ರು ಅಂತ ಹೇಳೋ ಕಲ್ಲು.

ಜರ್ಮನ್ ಭಾಷೇಲಿ ಇದನ್ನ ಷ್ಟೋಲ್ಪರ್‌ಷ್ಟೈನ್ ಅಂತಾರೆ, ಎಡವುಗಲ್ಲು ಅಂದ್ಕೊಳ್ಳಿ. ನಿಜವಾಗ್ಲೂ ಯಾರೂ ಎಡವಲ್ಲ, ನೆಲದ ಮಟ್ಟಕ್ಕೆ ಸಮವಾಗಿ ಕೂರಿಸಿರ್ತಾರೆ.

ಮೊದಲು ಸ್ವಲ್ಪ ಹಿನ್ನೆಲೆ

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಜರ್ಮನಿಯಲ್ಲಿ ಯಹೂದಿಗಳು ಇದ್ದಿದ್ದು ಸುಮಾರು ಐದು ಲಕ್ಷ, ಒಟ್ಟು ಜನಸಂಖ್ಯೆಯ ಶೇಕಡಾ ಒಂದಕ್ಕಿಂತ ಕಮ್ಮಿ. ಡಾಕ್ಟರು, ಬಟ್ಟೆ ಅಂಗಡಿಯವರು, ಮೇಷ್ಟ್ರು, ಮೊದಲನೇ ಮಹಾಯುದ್ಧದಲ್ಲಿ ಜರ್ಮನಿ ಪರವಾಗಿ ಹೋರಾಡಿ ಮೆಡಲ್ ತಗೊಂಡೋರು, ಎಲ್ಲಾ ಥರದವರೂ ಇದ್ರು. ಮೊದಲು ಸರ್ಕಾರಿ ಕೆಲಸದಿಂದ ತೆಗೆದ್ರು, 1935ರ ನ್ಯೂರೆಂಬರ್ಗ್ ಕಾನೂನಲ್ಲಿ ಪೂರ್ಣ ಪೌರತ್ವ ಕಿತ್ಕೊಂಡ್ರು, 1938ರ ನವೆಂಬರ್ 9ರ ರಾತ್ರಿ ದೇಶದ ತುಂಬಾ ಅವರ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಇಟ್ರು, ಅಂಗಡಿ ಒಡೆದ್ರು. 1939ರ ಜನವರಿಯಿಂದ ಹೆಸರಿಂದಲೇ ಯಹೂದಿ ಅಂತ ಗೊತ್ತಾಗದ ಯಹೂದಿ ಗಂಡಸರು ಹೆಸರಿನ ಜೊತೆ ಇಸ್ರೇಲ್ ಅಂತ, ಹೆಂಗಸರು ಸಾರಾ ಅಂತ ಕಡ್ಡಾಯವಾಗಿ ಸೇರಿಸ್ಕೋಬೇಕಿತ್ತು, ಹೆಸರು ನೋಡಿದ ತಕ್ಷಣ ಯಾರು ಅಂತ ಗೊತ್ತಾಗ್ಲಿ ಅಂತ.

1941ರ ಅಕ್ಟೋಬರ್‌ನಿಂದ ಜರ್ಮನಿಯ ಊರೂರುಗಳಿಂದ ಅವರನ್ನ ರೈಲಿಗೆ ತುಂಬಿಸಿ ಪೂರ್ವದ ಕಡೆಗೆ, ಅಂದ್ರೆ ಪೋಲೆಂಡ್, ಲಿಥುವೇನಿಯಾ, ಲಾಟ್ವಿಯಾ, ಬೆಲಾರೂಸ್ ಕಡೆಗೆ ಸಾಗಿಸೋಕೆ ಶುರು ಮಾಡಿದ್ರು. ಇದಕ್ಕೇ ಡಿಪೋರ್ಟೇಶನ್ ಅನ್ನೋದು. ಸರ್ಕಾರಿ ಕಾಗದದಲ್ಲಿ ಮಾತ್ರ "ಸ್ಥಳಾಂತರ" ಅಂತ ಬರೀತಿದ್ರು, ಹೋದಮೇಲೆ ಆಗ್ತಿದ್ದಿದ್ದು ಗುಂಡೇಟು, ಹಸಿವು, ಇಲ್ಲಾ ವಿಷದ ಗ್ಯಾಸ್. ಹೀಗೆ ಯೂರೋಪಿನಾದ್ಯಂತ ಸುಮಾರು 60 ಲಕ್ಷ ಯಹೂದಿಗಳನ್ನ ಕೊಂದಿದ್ದನ್ನೇ ಹೋಲೋಕಾಸ್ಟ್ ಅಂತ ಕರೀತೀವಿ, ಯಹೂದಿಗಳು ಹೆಚ್ಚಾಗಿ ಷೋಆ ಅಂತಾರೆ. ಇದೇ ಯಂತ್ರದ ಬಾಯಿಗೆ ರೋಮಾ ಮತ್ತು ಸಿಂಟಿ ಜನ (ಹಿಂದೆ ಜಿಪ್ಸಿಗಳು ಅಂತ ಕರೀತಿದ್ದೋರು), ಅಂಗವಿಕಲರು, ಮಾನಸಿಕ ರೋಗಿಗಳು, ಸಲಿಂಗಿಗಳು, ಜೆಹೋವಾಸ್ ವಿಟ್ನೆಸ್ ಪಂಥದವರು, ರಾಜಕೀಯ ವಿರೋಧಿಗಳು ಎಲ್ಲಾ ಸಿಕ್ಕಿದ್ರು. ಕಲ್ಲುಗಳು ಇವರೆಲ್ಲರಿಗೂ ಇವೆ, ಯಹೂದಿಗಳದ್ದೇ ಜಾಸ್ತಿ.

ಕಲ್ಲನ್ನ ಓದೋದು ಹೇಗೆ

ಒಳಗಡೆ ಇರೋದು ಕಾಂಕ್ರೀಟ್ ಗಟ್ಟಿ, ಉದ್ದ ಅಗಲ ಎತ್ತರ ಎಲ್ಲಾ ಸುಮಾರು 10 ಸೆಂಟಿಮೀಟರ್. ಮೇಲ್ಗಡೆ ಹಿತ್ತಾಳೆ ಹೊದಿಕೆ. ಅಕ್ಷರಗಳನ್ನ ಪ್ರಿಂಟ್ ಮಾಡಿಲ್ಲ, ಒಂದೊಂದೇ ಅಕ್ಷರದ ಅಚ್ಚು ಇಟ್ಟು ಸುತ್ತಿಗೇಲಿ ಹೊಡೆದು ಮೂಡಿಸಿದ್ದು, ಅದಕ್ಕೇ ಹತ್ತಿರದಿಂದ ನೋಡಿದ್ರೆ ಸಾಲು ಸ್ವಲ್ಪ ಮೇಲೆ ಕೆಳಗೆ ಆಗಿರುತ್ತೆ.

ಬರಹ ಹೆಚ್ಚುಕಮ್ಮಿ ಎಲ್ಲಾ ಕಡೆ ಒಂದೇ ಕ್ರಮ. ಮೊದಲ ಸಾಲು "ಹಿಯರ್ ವೋನ್‌ಟೆ", ಇಲ್ಲಿ ವಾಸವಿದ್ದರು. ಆಮೇಲೆ ಹೆಸರು. ಮದುವೆಯಾದ ಹೆಂಗಸಾದ್ರೆ ಗೆಬ್ ಅಂತ ಗುರುತು ಹಾಕಿ ತವರುಮನೆ ಹೆಸರು. ನಂತರ JG ಅನ್ನೋ ಎರಡು ಅಕ್ಷರದ ಜೊತೆ ಹುಟ್ಟಿದ ಇಸವಿ. "ಡೆಪೋರ್ಟಿಯರ್ಟ್" ಅಂತಿದ್ರೆ ಸಾಗಿಸಿದ ವರ್ಷ, "ಎರ್ಮೋರ್ಡೆಟ್" ಅಂದ್ರೆ ಕೊಲೆಯಾದರು, ಪಕ್ಕದಲ್ಲಿ ಎಲ್ಲಿ, ಯಾವಾಗ. ಗಮನಿಸಿ, ಸತ್ತರು ಅಂತ ಹಾಕಿರಲ್ಲ, ಸುಮ್ಮನೆ ಕಾಯಿಲೆ ಬಂದು ಹೋದೋರಲ್ಲ ಇವರು, ಅದನ್ನ ನೇರವಾಗೇ ಹೇಳಿರ್ತಾರೆ. "ಫ್ಲುಖ್ಟ್ ಇನ್ ಡೆನ್ ಟೋಡ್" ಅಂತ ಕಂಡ್ರೆ, ರೈಲು ಹತ್ತೋ ಬದಲು ತಾವೇ ಜೀವ ಕಳ್ಕೊಂಡೋರು ಅಂತ ಅರ್ಥ, ಬರ್ಲಿನ್ ಥರದ ಊರಲ್ಲಿ ಅದೂ ಕಮ್ಮಿ ಏನಿಲ್ಲ. "ಯೂಬರ್‌ಲೇಬ್ಟ್" ಅಂದ್ರೆ ಬದುಕುಳಿದವರು.

ಬದುಕಿದವರಿಗೆ ಯಾಕೆ ಕಲ್ಲು? ಯುದ್ಧಕ್ಕೆ ಮುಂಚೆ, 1938ರ ಡಿಸೆಂಬರ್‌ನಿಂದ ಯುದ್ಧ ಶುರುವಾಗೋವರೆಗೆ, ಸುಮಾರು ಹತ್ತು ಸಾವಿರ ಮಕ್ಕಳನ್ನ ಅಪ್ಪ ಅಮ್ಮ ಇಲ್ಲದೇನೇ ಇಂಗ್ಲೆಂಡಿಗೆ ಕಳಿಸಿದ್ರು, ಅದನ್ನ ಕಿಂಡರ್‌ಟ್ರಾನ್ಸ್‌ಪೋರ್ಟ್ ಅಂತಾರೆ. ಮಕ್ಕಳು ಉಳ್ಕೊಂಡ್ರು, ಕಳಿಸಿದ ಅಪ್ಪ ಅಮ್ಮಂದಿರಲ್ಲಿ ಬಹಳ ಜನ ಉಳೀಲಿಲ್ಲ. ಅಂಥ ಮನೆ ಮುಂದೆ ಅಪ್ಪ ಅಮ್ಮನ ಕಲ್ಲಿನ ಪಕ್ಕ ಮಗುವಿನ ಕಲ್ಲನ್ನೂ ಹಾಕ್ತಾರೆ. ಒಡೆದು ಹೋದ ಸಂಸಾರ ಇಷ್ಟಾದ್ರೂ ಒಂದು ಕಡೆ ಇರಲಿ ಅಂತ.

ಇದು ಯಾರ ಐಡಿಯಾ

ಗುಂಟರ್ ಡೆಮ್ನಿಗ್ ಅಂತ ಜರ್ಮನ್ ಕಲಾವಿದ, 1947ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದೋರು. ಶುರುವಾಗಿದ್ದು ಯಹೂದಿಗಳಿಂದ ಅಲ್ಲ ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ. 1940ರ ಮೇ ತಿಂಗಳಲ್ಲಿ ಕಲೋನ್ ನಗರದಿಂದ ಸಾವಿರ ಜನ ರೋಮಾ, ಸಿಂಟಿಗಳನ್ನ ಸಾಗಿಸಿದ್ರು. ಐವತ್ತು ವರ್ಷ ಆದಮೇಲೆ, 1990ರಲ್ಲಿ, ಆ ಸಾವಿರ ಜನರನ್ನ ನಡೆಸ್ಕೊಂಡು ಹೋದ ದಾರಿ ಉದ್ದಕ್ಕೂ ಡೆಮ್ನಿಗ್ ಬೀದಿ ಮೇಲೆ ಬಣ್ಣದಲ್ಲಿ ಗುರುತು ಎಳೆದ್ರು. ಆವಾಗ ಒಬ್ಬ ವಯಸ್ಸಾದ ಹೆಂಗಸು ಬಂದು, ನಮ್ಮ ಏರಿಯಾದಲ್ಲಿ ಆ ಜನ ಯಾವತ್ತೂ ಇರ್ಲೇ ಇಲ್ವಲ್ಲ ಅಂದ್ರಂತೆ. ಪಕ್ಕದ ಮನೇಲೇ ಇದ್ದೋರು ಇರ್ಲೇ ಇಲ್ಲ ಅನ್ನೋ ಹಾಗೆ ನೆನಪು ಅಳಿಸಿ ಹೋಗಿತ್ತು. ಒಬ್ಬೊಬ್ಬರ ಮನೆ ಬಾಗಿಲಿಗೇ ಗುರುತು ಹಾಕಬೇಕು ಅಂತ ಡೆಮ್ನಿಗ್ ಹೊರಟಿದ್ದು ಅಲ್ಲಿಂದ.

1992ರ ಡಿಸೆಂಬರ್ 16ಕ್ಕೆ ಕಲೋನ್‌ನ ಹಳೇ ಟೌನ್ ಹಾಲ್ ಮುಂದೆ ಮೊದಲ ಕಲ್ಲು ಹಾಕಿದ್ರು, ಆ ದಿನ ಯಾಕೆ ಅಂದ್ರೆ ಸರಿಯಾಗಿ ಐವತ್ತು ವರ್ಷದ ಹಿಂದೆ ಅದೇ ತಾರೀಕು ಹಿಟ್ಲರನ ಎಸ್‌ಎಸ್ ಪಡೆ ಮತ್ತು ಪೊಲೀಸರ ಮುಖ್ಯಸ್ಥ ಹಿಮ್ಲರ್ ರೋಮಾ ಸಿಂಟಿಗಳನ್ನ ಆಶ್ವಿಟ್ಜ್‌ನ ಸಾವಿನ ಶಿಬಿರಕ್ಕೆ ಕಳಿಸೋ ಆರ್ಡರ್ ಹೊರಡಿಸಿದ್ದು. 1996ರಲ್ಲಿ ಬರ್ಲಿನ್‌ನ ಕ್ರೊಯ್ಟ್ಸ್‌ಬೆರ್ಗ್ ಏರಿಯಾದಲ್ಲಿ ಐವತ್ತಕ್ಕೂ ಹೆಚ್ಚು ಕಲ್ಲು ಹಾಕಿದ್ರು, ಪರ್ಮಿಶನ್ ಏನೂ ಇರ್ಲಿಲ್ಲ, ಮುನ್ಸಿಪಾಲಿಟಿಯವರು ಆಮೇಲೆ ಒಪ್ಕೊಂಡ್ರು. 1997ರಲ್ಲಿ ಆಸ್ಟ್ರಿಯಾ. ಅಲ್ಲಿಂದ ಮುಂದೆ ಹರಡ್ತಾನೇ ಹೋಯ್ತು, 2023ರ ಮೇ 26ಕ್ಕೆ ನ್ಯೂರೆಂಬರ್ಗ್‌ನಲ್ಲಿ ಒಂದು ಲಕ್ಷದ ಕಲ್ಲು ಬಿತ್ತು, ಯೋಹಾನ್ ವಿಲ್ಡ್ ಅನ್ನೋ ಅಗ್ನಿಶಾಮಕ ದಳದವರದ್ದು. ಬರ್ಲಿನ್ ಒಂದರಲ್ಲೇ ಹತ್ತು ಸಾವಿರಕ್ಕಿಂತ ಜಾಸ್ತಿ ಇವೆ, ಹ್ಯಾಂಬರ್ಗ್‌ನಲ್ಲಿ ಏಳು ಸಾವಿರ ದಾಟಿವೆ. ಒಬ್ಬ ಕಲಾವಿದ ಶುರು ಮಾಡಿದ ಕೆಲಸ ಇವತ್ತು ಯೂರೋಪಿನ ಉದ್ದಗಲಕ್ಕೂ ಚದುರಿ ಕೂತಿರೋ ಒಂದೇ ಸ್ಮಾರಕ, ಇಷ್ಟು ದೊಡ್ಡದು ಇನ್ನೊಂದಿಲ್ಲ.

ಯೋರ್ಡಾನ್ ಕುಟುಂಬದ ಎರಡು ಕಲ್ಲು

ಲಕ್ಷ ಅಂದ್ರೆ ತಲೇಲಿ ಕೂರಲ್ಲ, ಒಂದು ಮನೆ ತಗೊಳ್ಳೋಣ. ಮ್ಯೂನಿಕ್‌ನ ಮೌವರ್‌ಕಿರ್ಷರ್ ರಸ್ತೇಲಿ ಜೀಗ್‌ಫ್ರೀಡ್ ಯೋರ್ಡಾನ್, ಪೌಲಾ ಯೋರ್ಡಾನ್ ಅಂತ ಯಹೂದಿ ದಂಪತಿ ಇದ್ರು. ಮಗ ಪೀಟರ್ ಯುದ್ಧಕ್ಕೆ ಮುಂಚೆ ಇಂಗ್ಲೆಂಡಿಗೆ ಹೋಗಿ ಸೇರ್ಕೊಂಡ್ರು. ಅಪ್ಪ ಅಮ್ಮ ಇಲ್ಲೇ ಉಳಿದ್ರು.

1941ರ ನವೆಂಬರ್ 20ಕ್ಕೆ ಮ್ಯೂನಿಕ್‌ನಿಂದ ಸುಮಾರು ಸಾವಿರ ಯಹೂದಿಗಳನ್ನ ತುಂಬಿದ ರೈಲು ಹೊರಡ್ತು. ಆ ಊರಿಂದ ಸಾವಿನ ಕಡೆ ಹೋದ ದೊಡ್ಡ ರೈಲುಗಳಲ್ಲಿ ಇದೇ ಮೊದಲನೇದು. ಲಾಟ್ವಿಯಾದ ರಿಗಾಕ್ಕೆ ಹೋಗಬೇಕಿದ್ದ ಅದನ್ನ ಲಿಥುವೇನಿಯಾದ ಕೌನಾಸ್‌ಗೆ ತಿರುಗಿಸಿದ್ರು. ಬರ್ಲಿನ್‌ನಿಂದ, ಫ್ರಾಂಕ್‌ಫರ್ಟ್‌ನಿಂದ ಹೊರಟ ರೈಲುಗಳೂ ಅಲ್ಲಿಗೇ ಬಂದ್ವು. ನವೆಂಬರ್ 25ಕ್ಕೆ ಊರಾಚೆಯ ಹಳೇ ಕೋಟೆ, ಒಂಬತ್ತನೇ ಕೋಟೆ ಅಂತಾರೆ ಅದನ್ನ, ಅಲ್ಲಿ ಎಲ್ಲರನ್ನೂ ಗುಂಡಿಟ್ಟು ಕೊಂದ್ರು. ಅವತ್ತಿನ ಲೆಕ್ಕ ನಮಗೆ ಗೊತ್ತಿರೋದು ಕೊಂದವರೇ ಬರೆದಿಟ್ಟಿದ್ರಿಂದ. ಕಾರ್ಲ್ ಯೇಗರ್ ಅನ್ನೋ ಎಸ್‌ಎಸ್ ಅಧಿಕಾರಿ ತನ್ನ ರಿಪೋರ್ಟಲ್ಲಿ ದಿನದ ಪ್ರಕಾರ ನಮೂದಿಸಿದ್ದಾನೆ: ಗಂಡಸರು 1,159, ಹೆಂಗಸರು 1,600, ಮಕ್ಕಳು 175, ಒಟ್ಟು 2,934, ಬರ್ಲಿನ್, ಮ್ಯೂನಿಕ್, ಫ್ರಾಂಕ್‌ಫರ್ಟ್‌ನಿಂದ ಬಂದ "ವಲಸಿಗರು" ಅಂತ. ಅಂಗಡಿಯವರು ಸ್ಟಾಕ್ ಬರೆಯೋ ಹಾಗೆ ಬರೆದಿದ್ದಾನೆ. ಯೋರ್ಡಾನ್ ದಂಪತಿ ಆ ಮೊತ್ತದೊಳಗೆ ಇಬ್ಬರು.

ಅದೇ ನವೆಂಬರ್ 25ಕ್ಕೆ ಬರ್ಲಿನ್‌ನಲ್ಲಿ ಇನ್ನೊಂದು ಕಾಗದ ಸಹಿ ಆಯ್ತು. ದೇಶದ ಗಡಿ ದಾಟಿ ಹೊರಗೆ ನೆಲೆಸಿದ ಯಹೂದಿ ತನ್ನ ಪೌರತ್ವ ಕಳ್ಕೊಳ್ತಾನೆ, ಅವನ ಆಸ್ತಿ ಸರ್ಕಾರಕ್ಕೆ ಸೇರುತ್ತೆ ಅನ್ನೋ ನಿಯಮ. ಗಡಿ ದಾಟಿಸೋರೂ ಅವರೇ, ದಾಟಿದ್ರಿಂದ ಆಸ್ತಿ ಹೋಯ್ತು ಅನ್ನೋರೂ ಅವರೇ.

2004ರಲ್ಲಿ ಯೋರ್ಡಾನ್ ದಂಪತಿ ಹೆಸರಲ್ಲಿ ಎರಡು ಕಲ್ಲನ್ನ ಆ ಮನೆ ಮುಂದೆ ಹಾಕಿದ್ರು. ಅದೇ ವರ್ಷ ಮ್ಯೂನಿಕ್ ನಗರಸಭೆಯವರು ಬಂದು ಎರಡನ್ನೂ ಅಗೆದು ತೆಗೆಸಿದ್ರು. ಅದು ಯಾಕೆ ಅನ್ನೋದಕ್ಕೆ ಮುಂದೆ ಬರ್ತೀನಿ, ಅದಕ್ಕೆ ಮುಂಚೆ ವಿಳಾಸದ ವಿಷಯ ಹೇಳಿಬಿಡ್ತೀನಿ.

ವಿಳಾಸ ಹೇಗೆ ಸಿಗುತ್ತೆ, ಯಾವ ಮನೆ ಮುಂದೆ ಹಾಕ್ತಾರೆ

1939ರ ಏಪ್ರಿಲ್ ಕೊನೇಲಿ ಒಂದು ಕಾನೂನು ಬಂತು, ಯಹೂದಿ ಬಾಡಿಗೆದಾರರಿಗೆ ಇದ್ದ ರಕ್ಷಣೆ ಹೋಯ್ತು. ಮನೆ ಬಿಡಿಸಿ, ಬೇರೆ ಯಹೂದಿಗಳ ಮನೆಗಳಲ್ಲಿ ಒಂದೊಂದು ರೂಮಿಗೆ ಒಂದೊಂದು ಸಂಸಾರ ಅನ್ನೋ ಹಾಗೆ ತುರುಕಿದ್ರು. ಅಂಥ ಕಟ್ಟಡಗಳಿಗೆ ಯೂಡನ್‌ಹೌಸ್, ಯಹೂದಿ ಮನೆ ಅಂತ ಹೆಸರು ಬಿತ್ತು. ಹಾಗಾಗಿ ಡಿಪೋರ್ಟೇಶನ್ ಲಿಸ್ಟಲ್ಲಿರೋ ಕೊನೇ ವಿಳಾಸ ಬಹಳ ಸಲ ಅವರ ನಿಜವಾದ ಮನೆ ಆಗಿರಲ್ಲ. ಕಲ್ಲು ಹಾಕೋವಾಗ ನೋಡೋದು ಅವರು ತಾವಾಗೇ ಆರಿಸ್ಕೊಂಡು ಇದ್ದ ಕೊನೇ ಮನೆ ಯಾವುದು ಅಂತ, ಬಲವಂತದಿಂದ ತಳ್ಳಿದ ರೂಮ್ ಅಲ್ಲ. ಈ ವ್ಯತ್ಯಾಸ ಚಿಕ್ಕದಾಗಿ ಕಾಣುತ್ತೆ, ಆದ್ರೆ ಇಡೀ ಯೋಜನೆ ನಿಂತಿರೋದೇ ಇದರ ಮೇಲೆ. ಆಶ್ವಿಟ್ಜ್ ದೂರದಲ್ಲಿ, ಪೋಲೆಂಡಲ್ಲಿದೆ, ಅಲ್ಲಿ ನಡೀತು ಅಂದುಬಿಟ್ರೆ ಈ ಬೀದಿಯವರಿಗೆ ಸಂಬಂಧ ಇಲ್ಲ ಅನ್ಸುತ್ತೆ. ಕಲ್ಲು ಅದನ್ನ ಎಳ್ಕೊಂಡು ಬಂದು ಬೇಕರಿ ಪಕ್ಕದ ಬಾಗಿಲಿಗೆ ಇಡುತ್ತೆ: ಶುರುವಾಗಿದ್ದು ಇಲ್ಲಿಂದ, ಪೊಲೀಸರು ಹತ್ತಿದ್ದು ಇದೇ ಮೆಟ್ಟಿಲು, ಪಕ್ಕದ ಮನೆಯವರು ಕಿಟಕೀಲಿ ಇದ್ರು.

ದಾಖಲೆ ಸಿಗೋದು ಕಷ್ಟ ಇರಬೇಕು ಅನ್ಸುತ್ತೆ ಅಲ್ವಾ? ಜರ್ಮನಿ ಮಟ್ಟಿಗೆ ತಿರುಗಾ ಮುರುಗಾ. ಕೊಲ್ಲೋದನ್ನ ಆಫೀಸ್ ಕೆಲಸದ ಥರ ಮಾಡಿದ್ರಿಂದ ಕಾಗದ ರಾಶಿ ರಾಶಿ ಉಳಿದಿದೆ. 1939ರ ಮೇ ತಿಂಗಳ ಜನಗಣತೀಲಿ ಅಜ್ಜ ಅಜ್ಜಿ ನಾಲ್ಕೂ ಜನರಲ್ಲಿ ಯಾರ್‍ಯಾರು ಯಹೂದಿ ಅಂತ ಬೇರೆ ಕಾರ್ಡಲ್ಲಿ ತುಂಬಿಸ್ಕೊಂಡಿದ್ರು. ರೈಲಿನ ಲಿಸ್ಟ್‌ಗಳಿವೆ. ಹೊರಡೋಕೆ ಮುಂಚೆ ಪ್ರತಿಯೊಬ್ಬರೂ ತಮ್ಮ ಆಸ್ತಿ ವಿವರದ ಫಾರಂ ತುಂಬಬೇಕಿತ್ತು, ಬ್ಯಾಂಕ್ ಖಾತೆಯಿಂದ ಹಿಡಿದು ಕುರ್ಚಿ, ಪರದೆ, ಒಳ ಅಂಗಿಯವರೆಗೆ ಪುಟಗಟ್ಟಲೆ, ಆ ಫಾರಂಗಳು ಇವತ್ತೂ ಆರ್ಕೈವ್‌ನಲ್ಲಿವೆ, ಕೈಬರಹ ನಡುಗಿರೋದೂ ಕಾಣುತ್ತೆ. ಅಷ್ಟೇ ಅಲ್ಲ, ಜರ್ಮನ್ ರೈಲ್ವೆಯವರು ಈ ಪ್ರಯಾಣಕ್ಕೆ ಥರ್ಡ್ ಕ್ಲಾಸ್ ರೇಟಲ್ಲಿ, ಕಿಲೋಮೀಟರಿಗೆ ನಾಲ್ಕು ಪೆನ್ನಿಗ್ (ಅಲ್ಲಿನ ಪೈಸೆ) ಲೆಕ್ಕದಲ್ಲಿ, ಮಕ್ಕಳಿಗೆ ಅರ್ಧ ಟಿಕೆಟ್, ಬಿಲ್ ಹಾಕ್ತಿದ್ರು. ಒನ್ ವೇ.

ಇದೆಲ್ಲಾ ಹುಡುಕೋದು ಯಾರು ಅಂದ್ರೆ ಹೆಚ್ಚಿನ ಸಲ ಸರ್ಕಾರ ಅಲ್ಲ. ಸ್ಕೂಲ್ ಮಕ್ಕಳು, ರಿಟೈರ್ ಆದೋರು, ಈಗ ಆ ಮನೇಲಿ ಬಾಡಿಗೆಗೆ ಇರೋರು. ಜರ್ಮನಿಯ ಫೆಡರಲ್ ಆರ್ಕೈವ್‌ನ ಸ್ಮರಣ ಪುಸ್ತಕ, ಬಾಡ್ ಆರೋಲ್ಸೆನ್ ಊರಲ್ಲಿರೋ ನಾಜಿ ಕಾಲದ ದಾಖಲೆಗಳ ಆರ್ಕೈವ್, ಜೆರುಸಲೇಮ್‌ನ ಹೋಲೋಕಾಸ್ಟ್ ಸ್ಮಾರಕ ಸಂಸ್ಥೆ ಯಾದ್ ವಾಶೇಮ್‌ನ ಹೆಸರುಗಳ ಡೇಟಾಬೇಸ್, ಇವನ್ನ ಜೋಡಿಸಿ ನೋಡ್ತಾರೆ, ವಂಶದವರು ಯಾರಾದ್ರೂ ಇದ್ರೆ ಪತ್ತೆ ಮಾಡಿ ಕೇಳ್ತಾರೆ.

ಹೆಸರಿನ ಮೇಲೆ ಕಾಲಿಡಬಹುದಾ?

ಈಗ ಮ್ಯೂನಿಕ್ ವಿಷಯ. ಅಲ್ಲಿ ಕನ್ನಡಿಗರು ಬಹಳ ಜನ ಇದ್ದಾರೆ, ಬರ್ಲಿನ್‌ಗೆ ಟ್ರಿಪ್ ಹೋದಾಗ ನೋಡಿದ್ದು ನಮ್ಮೂರಲ್ಲಿ ಯಾಕಿಲ್ಲ ಅನ್ನೋ ಡೌಟ್ ಸಹಜ. ಕಾರಣ, ಅಲ್ಲಿನ ನಗರಸಭೆ 2004ರಲ್ಲಿ ಸಾರ್ವಜನಿಕ ರಸ್ತೇಲಿ ಈ ಕಲ್ಲು ಬೇಡ ಅಂತ ತೀರ್ಮಾನ ಮಾಡ್ತು, 2015ರಲ್ಲಿ ಅದನ್ನೇ ಮತ್ತೆ ಖಾಯಂ ಮಾಡ್ತು. ಕೋರ್ಟಿಗೆ ಹೋದೋರಿಗೂ ಜಯ ಸಿಗಲಿಲ್ಲ. ಖಾಸಗಿ ಜಾಗದಲ್ಲಿ ಮಾತ್ರ ಕೆಲವು ಇವೆ.

ವಿರೋಧಿಸಿದೋರಲ್ಲಿ ಮುಖ್ಯವಾದೋರು ಶಾರ್ಲೊಟೆ ಕ್ನೋಬ್ಲೋಖ್, ಅಲ್ಲಿನ ಯಹೂದಿ ಸಮುದಾಯದ ಅಧ್ಯಕ್ಷೆ. ಹೊರಗಿನಿಂದ ಮಾತಾಡೋರಲ್ಲ ಅವರು, 1932ರಲ್ಲಿ ಅದೇ ಊರಲ್ಲಿ ಹುಟ್ಟಿ, ಹಳ್ಳಿಯ ರೈತರ ಮನೇಲಿ ಬೇರೆ ಗುರುತು ಇಟ್ಕೊಂಡು ಬಚ್ಚಿಟ್ಕೊಂಡು ಬದುಕಿದೋರು, ಅವರ ಅಜ್ಜೀನ ಟೆರೇಜಿಯನ್‌ಷ್ಟಾಟ್ ಅನ್ನೋ ನಾಜಿ ಶಿಬಿರಕ್ಕೆ ಒಯ್ದು ಸಾಯಿಸಿದ್ರು. ಅವರು ಹೇಳೋದು ಸರಳ: ಬೂಟುಗಾಲಲ್ಲಿ ತುಳಿಸ್ಕೊಂಡು ಸತ್ತೋರ ಹೆಸರನ್ನ ಮತ್ತೆ ಬೂಟುಗಾಲ ಕೆಳಗೇ ಇಡಬೇಡಿ, ನಾಯಿ ಗಲೀಜು ಮಾಡುತ್ತೆ, ಕೆಸರು ಬೀಳುತ್ತೆ.

ಡೆಮ್ನಿಗ್ ಉತ್ತರ ಏನಂದ್ರೆ, ಓದಬೇಕು ಅಂದ್ರೆ ಬಗ್ಗಲೇಬೇಕು, ಬಗ್ಗೋದು ತಲೆ ತಗ್ಗಿಸಿದ ಹಾಗೇ. ಇನ್ನು ಕಾಲು ತಾಗ್ತಾ ಇದ್ರೆ ಹಿತ್ತಾಳೆ ಉಜ್ಜಿ ಹೊಳೀತಿರುತ್ತೆ.

ಕಾಲು ತಾಗಿದ್ರೆ ಮುಟ್ಟಿ ಕಣ್ಣಿಗೊತ್ಕೊಳ್ಳೋ ನಮಗೆ ಕ್ನೋಬ್ಲೋಖ್ ಮಾತು ತಕ್ಷಣ ಅರ್ಥ ಆಗುತ್ತೆ. ಹಾಗಂತ ನಮ್ಮಲ್ಲೇ ಕೆಲವು ದೇವಸ್ಥಾನಗಳ ಮೆಟ್ಟಿಲ ಮೇಲೆ, ಪ್ರಾಂಗಣದ ಹಾಸುಗಲ್ಲ ಮೇಲೆ ಹೆಸರು ಕೆತ್ತಿಸಿರೋದನ್ನೂ ನೋಡಿದೀವಿ, ಭಕ್ತರ ಪಾದಧೂಳಿ ನನ್ನ ಮೇಲೆ ಬೀಳಲಿ ಅಂತ ಬೇಕಂತಲೇ ನೆಲಕ್ಕೇ ಹಾಕಿಸಿರ್ತಾರೆ. ಅಂದ್ರೆ ನೆಲದಲ್ಲಿ ಹೆಸರಿದ್ದ ತಕ್ಷಣ ಅವಮಾನ ಅಂತೇನಿಲ್ಲ. ಆದ್ರೆ ಅಲ್ಲಿ ಹಾಕಿಸ್ಕೊಂಡೋರು ತಾವೇ ಇಷ್ಟಪಟ್ಟು ಹಾಕಿಸ್ಕೊಂಡಿದ್ದು, ಇಲ್ಲಿ ಸತ್ತೋರನ್ನ ಕೇಳೋಕಾಗಲ್ಲ. ಜಗಳದ ಗಂಟು ಇರೋದು ಅಲ್ಲೇ, ಸತ್ತೋರ ಪರವಾಗಿ ಹೂಂ ಅನ್ನೋದಕ್ಕೆ ಯಾರಿಗೆ ಹಕ್ಕು? ಮ್ಯೂನಿಕ್‌ನಲ್ಲಿ ಪೀಟರ್ ಯೋರ್ಡಾನ್ ಸ್ವಂತ ಮಗ, ಅವರಿಗೆ ಕಲ್ಲು ಬೇಕಿತ್ತು. ಇನ್ನೂ ಎಷ್ಟೋ ಕುಟುಂಬದವರಿಗೂ ಬೇಕಿತ್ತು. ಬೇಡ ಅಂದೋರೂ ಅದೇ ನೋವು ತಿಂದೋರು. ಹಾಗಾಗಿ ಇದನ್ನ ಯಹೂದಿಗಳು ಒಂದು ಕಡೆ, ನಗರಸಭೆ ಇನ್ನೊಂದು ಕಡೆ ಅಂತ ಬರೆಯೋ ರಿಪೋರ್ಟ್‌ಗಳು ದಾರಿ ತಪ್ಪಿಸ್ತವೆ.

ಕೊನೆಗೆ ಮ್ಯೂನಿಕ್ ಬೇರೆ ದಾರಿ ಹಿಡೀತು. 2018ರಿಂದ ಸತ್ತೋರು ವಾಸವಿದ್ದ ಮನೆಗಳ ಗೋಡೆಗೆ ಕಣ್ಣಿನ ಮಟ್ಟದಲ್ಲಿ ಫಲಕ, ಇಲ್ಲಾ ಮನೆ ಮುಂದೆ ಒಂದು ಕಂಬ ನಿಲ್ಲಿಸ್ತಾರೆ, ಫೋಟೋ ಸಿಕ್ಕಿದ್ರೆ ಫೋಟೋನೂ ಇರುತ್ತೆ. ಕಲ್ಲಲ್ಲಿ ಮುಖ ಇರಲ್ಲ, ಇದರಲ್ಲಿ ಇರುತ್ತೆ, ಅದು ಇದರ ಪ್ಲಸ್ ಪಾಯಿಂಟ್.

ಇನ್ನೊಂದು ಥರದ ತಕರಾರೂ ಇದೆ. ಕೆಲವು ಕಲ್ಲುಗಳ ಮೇಲೆ ಅವರನ್ನ ಯಾವ ಆರೋಪದ ಮೇಲೆ ಹಿಡಿದ್ರು ಅಂತ ನಾಜಿಗಳದ್ದೇ ಪದ ಹಾಕಿದ್ದಾರೆ, ಉದಾಹರಣೆಗೆ ಯಹೂದಿ ಮತ್ತು ಯಹೂದಿಯಲ್ಲದವರ ಪ್ರೀತಿಗೆ "ಜನಾಂಗ ಅಪವಿತ್ರ" ಅನ್ನೋ ಅರ್ಥದ ಪದ, ಕೊಟೇಶನ್ ಮಾರ್ಕ್ ಒಳಗೆ. ಕೊಂದವರ ಬೈಗುಳ ಸ್ಮಾರಕದಲ್ಲಿ ಯಾಕೆ ಅಂತ ವಂಶದವರು ಸಿಟ್ಟಾಗಿದ್ದಾರೆ, ನನಗೂ ಅವರು ಹೇಳೋದೇ ಸರಿ ಅನ್ಸುತ್ತೆ.

ಮಾಡೋದು, ಹಾಕೋದು, ಕದಿಯೋದು

ಮೊದಮೊದಲು ಡೆಮ್ನಿಗ್ ಒಬ್ಬರೇ ಎಲ್ಲಾ ಮಾಡ್ತಿದ್ರು. 2005ರಿಂದ ಅಕ್ಷರ ಹೊಡೆಯೋ ಕೆಲಸ ಬರ್ಲಿನ್‌ನ ಶಿಲ್ಪಿ ಮಿಖಾಯೆಲ್ ಫ್ರೀಡ್ರಿಕ್ಸ್ ಫ್ರೀಡ್‌ಲೆಂಡರ್ ಅವರದ್ದು. ಮೆಷಿನ್ ಹಾಕಿದ್ರೆ ದಿನಕ್ಕೆ ನೂರಾರು ಆಗ್ತವೆ, ಬೇಕಂತಲೇ ಹಾಕಿಲ್ಲ. ಕೊಂದಿದ್ದು ಕಾರ್ಖಾನೆ ಥರ, ನೆನಪು ಮಾಡ್ಕೊಳ್ಳೋದಾದ್ರೂ ಒಂದೊಂದಾಗಿ ಕೈಯಿಂದ ಆಗಲಿ ಅನ್ನೋದು ಅವರ ವಾದ. ಅದರಿಂದ ಕಾಯಬೇಕು, ತಿಂಗಳುಗಟ್ಟಲೆ.

ಖರ್ಚನ್ನ ಯಾರು ಬೇಕಾದ್ರೂ ಕೊಡಬಹುದು, ಒಂದು ಕಲ್ಲಿಗೆ ಬಹಳ ವರ್ಷ 120 ಯೂರೋ ಇತ್ತು, ಈಗ ಸ್ವಲ್ಪ ಜಾಸ್ತಿ. ಊರಿನ ಆಡಳಿತದ ಪರ್ಮಿಶನ್ ಬೇಕು, ವಂಶದವರು ಇದ್ರೆ ಅವರ ಒಪ್ಪಿಗೆ ಕೇಳ್ತಾರೆ. ಹಾಕೋ ದಿನ ಹತ್ತಿಪ್ಪತ್ತು ಜನ ಸೇರ್ತಾರೆ, ಇದ್ದ ಕಲ್ಲು ಕಿತ್ತು, ಆ ಜಾಗಕ್ಕೆ ಇದನ್ನ ಕೂರಿಸಿ, ಸುತ್ತ ಮರಳು ತುಂಬಿ ನೀರು ಹಾಕಿ ಒರೆಸ್ತಾರೆ. ಹೆಸರು ಓದ್ತಾರೆ, ಕುಟುಂಬದವರು ಬಂದಿದ್ರೆ ಕದ್ದಿಶ್ ಅನ್ನೋ ಪ್ರಾರ್ಥನೆ ಹೇಳ್ತಾರೆ, ಸತ್ತೋರಿಗೋಸ್ಕರ ಹೇಳೋದದು. ಅಮೆರಿಕಾದಿಂದ, ಇಸ್ರೇಲ್‌ನಿಂದ ಮೊಮ್ಮಕ್ಕಳು ಮೊದಲ ಸಲ ಜರ್ಮನಿಗೆ ಕಾಲಿಡೋದೇ ಇದಕ್ಕೋಸ್ಕರ ಆಗಿರೋದೂ ಇದೆ.

ಕದಿಯೋರೂ ಇದ್ದಾರೆ. 2012ರ ನವೆಂಬರ್‌ನಲ್ಲಿ ಗ್ರೈಫ್ಸ್‌ವಾಲ್ಡ್ ಊರಿನ ಎಲ್ಲಾ ಕಲ್ಲುಗಳನ್ನ ಒಂದೇ ಸಲಕ್ಕೆ ಕಿತ್ಕೊಂಡು ಹೋದ್ರು. ರೋಮ್‌ನಲ್ಲಿ ಮೋಂಟಿ ಏರಿಯಾದ ಒಂದೇ ಮನೆ ಮುಂದೆ 20 ಕಲ್ಲು ಇದ್ವು, ಡಿ ಕೊನ್ಸಿಲ್ಯೊ ಅನ್ನೋ ಯಹೂದಿ ಕುಟುಂಬಕ್ಕೆ ಸೇರಿದ್ದು. ಅವರಲ್ಲಿ ಕೆಲವರನ್ನ 1944ರ ಮಾರ್ಚ್ 24ಕ್ಕೆ ಊರಾಚೆ ಆರ್ದೆಯಾತೀನೆ ಗುಹೆಗಳಲ್ಲಿ ಕೊಂದ್ರು, ಅವತ್ತು ಅಲ್ಲಿ ಒಟ್ಟು 335 ಜನ ಸತ್ರು, ಉಳಿದೋರು ಆಶ್ವಿಟ್ಜ್ ಪಾಲು. 2018ರ ಡಿಸೆಂಬರ್‌ನಲ್ಲಿ ಆ ಇಪ್ಪತ್ತನ್ನೂ ರಾತ್ರೋರಾತ್ರಿ ಎತ್ಬಿಟ್ರು, ಮುಂದಿನ ತಿಂಗಳೇ ಹೊಸದಾಗಿ ಮಾಡಿಸಿ ಅದೇ ಜಾಗಕ್ಕೆ ಹಾಕಿದ್ರು. 2024ರ ಅಕ್ಟೋಬರ್‌ನಲ್ಲಿ ಪೂರ್ವ ಜರ್ಮನಿಯ ಟ್ಸೈಟ್ಸ್ ಊರಲ್ಲಿದ್ದ ಹತ್ತೂ ಹೋದ್ವು, ಅಲ್ಲೂ ಜನ ದುಡ್ಡು ಸೇರಿಸಿ ಮತ್ತೆ ಹಾಕ್ಸಿದ್ರು.

ನಿಮಗೆ ಕಂಡ್ರೆ

ತುಳಿದ್ರೆ ಅಪರಾಧ ಅಂತೇನಿಲ್ಲ, ಗಾಬರಿ ಬೇಡ. ಫೋಟೋ ತೆಗೆಯೋದಕ್ಕೂ ಅಡ್ಡಿ ಇಲ್ಲ. ಹಿತ್ತಾಳೆ ಕಪ್ಪಾಗಿದ್ರೆ ಯಾರು ಬೇಕಾದ್ರೂ ಉಜ್ಜಬಹುದು, ಲೋಹ ತೊಳೆಯೋ ಮಾಮೂಲಿ ಪಾಲಿಶ್, ಮೆತ್ತನೆ ಬಟ್ಟೆ ಸಾಕು, ತಂತಿ ಬ್ರಷ್ ಮಾತ್ರ ಹಾಕಬೇಡಿ, ಗೀರು ಬೀಳುತ್ತೆ. ನವೆಂಬರ್ 9ಕ್ಕೆ ಊರೂರಲ್ಲಿ ಜನ ಮಂಡಿಯೂರಿ ಇದನ್ನೇ ಮಾಡ್ತಿರ್ತಾರೆ, ಪಕ್ಕದಲ್ಲಿ ಮೇಣದಬತ್ತಿ, ಹೂವು.

ಹೆಸರಿನ ಹಿಂದಿನ ಕಥೆ ಬೇಕು ಅಂದ್ರೆ ಬರ್ಲಿನ್, ಹ್ಯಾಂಬರ್ಗ್ ಎರಡಕ್ಕೂ ಅವರದ್ದೇ ವೆಬ್‌ಸೈಟ್ ಇದೆ, ಬೀದಿ ಹೆಸರು ಇಲ್ಲಾ ವ್ಯಕ್ತಿ ಹೆಸರು ಹಾಕಿ ಹುಡುಕಿ, ಎಷ್ಟೋ ಜನರದ್ದು ಪುಟಗಟ್ಟಲೆ ಜೀವನಚರಿತ್ರೆ ಸಿಗುತ್ತೆ. ಕಲೋನ್, ಡುಸೆಲ್ಡೋರ್ಫ್ ಇರೋ ನಾರ್ತ್ ರೈನ್ ವೆಸ್ಟ್‌ಫಾಲಿಯಾ ರಾಜ್ಯಕ್ಕೆ ಅಲ್ಲಿನ ಸಾರ್ವಜನಿಕ ರೇಡಿಯೋ ಟಿವಿ ಸಂಸ್ಥೆ ಡಬ್ಲ್ಯುಡಿಆರ್ 2022ರಲ್ಲಿ ಒಂದು ಆ್ಯಪ್ ಮಾಡಿದೆ, ನಿಮ್ಮ ಅಕ್ಕಪಕ್ಕ ಯಾವ್ಯಾವ ಕಲ್ಲಿದೆ ಅಂತ ಮ್ಯಾಪಲ್ಲಿ ತೋರಿಸುತ್ತೆ. ಹೆಚ್ಚಿನದು ಜರ್ಮನ್‌ನಲ್ಲೇ ಇರೋದು, ಫೋನಿನ ಟ್ರಾನ್ಸ್‌ಲೇಟರ್ ಹಾಕ್ಕೊಂಡ್ರೆ ಆಯ್ತು.